ತೂಕ ಇಳಿಸುವ ಶಸ್ತ್ರಚಿಕಿತ್ಸೆಯೂ ಮನೆಯ ಲೆಕ್ಕವೂ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಆ ಗಾದೆಯಲ್ಲಿ ಸತ್ಯವಿಲ್ಲವೆನ್ನುವ ಧೈರ್ಯ ನಮಗಿಲ್ಲ. ಆದರೆ ಮೈ ಮಿತಿಮೀರಿ ಬೆಳೆದವರನ್ನು ಕಂಡಾಗಲೆಲ್ಲ ಆ ಗಾದೆಯನ್ನೇ ಕೋಲಾಗಿ ಹಿಡಿದು ಹೊಡೆಯುವುದು ನ್ಯಾಯವಲ್ಲ. ಸ್ಥೂಲಕಾಯತೆ ಒಂದು ರೋಗವೆಂದೂ, ಆಹಾರದೊಡನೆ ವಂಶಗುಣ, ಹಾರ್ಮೋನುಗಳು, ನಿದ್ರೆ, ದುಡಿಮೆಯ ರೀತಿ ಇವೆಲ್ಲವೂ ಕೂಡಿ ಅದನ್ನು ಉಂಟುಮಾಡುತ್ತವೆಂದೂ ಇಂದಿನ ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ರೋಗವೆಂದ ಮೇಲೆ ಚಿಕಿತ್ಸೆ ಬೇಕು. ಚಿಕಿತ್ಸೆಯೆಂದ ಮೇಲೆ ಖರ್ಚೂ ಉಂಟು. ಈ ಖರ್ಚನ್ನು ಯಾರು ಹೊರತಕ್ಕದ್ದು, ಅದು ನಿಜವಾಗಿ ಎಷ್ಟು ಎಂಬುದನ್ನು ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಶಾಲೆಯ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಮನೆಯ ಹಿರಿಯರೊಬ್ಬರ ಚಿಕಿತ್ಸೆಗಾಗಿ ಮಾಡಿದ ಸಾಲವು ಮೊದಲು ತಟ್ಟುವುದು ಮಕ್ಕಳ ವಿದ್ಯಾಭ್ಯಾಸಕ್ಕೆ. ಪುಸ್ತಕಕ್ಕೆ, ಬಸ್ಸಿಗೆ, ಮುಂದಿನ ಕಾಲೇಜಿಗೆಂದು ತೆಗೆದಿರಿಸಿದ ಹಣ ಆಸ್ಪತ್ರೆಯ ರಸೀದಿಯಾಗಿ ಮಾರ್ಪಡುವುದನ್ನು ನಾವು ಕಂಡಿದ್ದೇವೆ. ನಮ್ಮ ದೇಶದಲ್ಲಿ ಆರೋಗ್ಯಕ್ಕಾಗಿ ವೆಚ್ಚವಾಗುವ ಒಟ್ಟು ಹಣದಲ್ಲಿ ಜನರು ತಮ್ಮ ಕೈಯಿಂದಲೇ ತೆರುವ ಪಾಲು ೨೦೧೩-೧೪ರಲ್ಲಿ ಶೇಕಡಾ ೬೪.೨ರಷ್ಟಿತ್ತು, ೨೦೨೧-೨೨ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಅದು ೩೯.೪ಕ್ಕೆ ಇಳಿದಿದೆ. ಇಳಿದಿರುವುದು ಸಂತೋಷದ ಸಂಗತಿ. ಆದರೂ ನೂರು ರೂಪಾಯಿಯಲ್ಲಿ ಮೂವತ್ತೊಂಬತ್ತನ್ನು ಮನೆಯವರೇ ತೆರುವುದು ಸಣ್ಣ ಭಾರವಲ್ಲ.

ಇನ್ನು ರೋಗದ ವ್ಯಾಪ್ತಿ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ೧೫ರಿಂದ ೪೯ ವರ್ಷದೊಳಗಿನ ಸ್ತ್ರೀಯರಲ್ಲಿ ಶೇಕಡಾ ೩೮.೧ ಮಂದಿಯೂ, ಪುರುಷರಲ್ಲಿ ಶೇಕಡಾ ೩೬.೪ ಮಂದಿಯೂ ಅಧಿಕ ತೂಕದವರು ಅಥವಾ ಸ್ಥೂಲಕಾಯರು. ಭಾರತದ ಸರಾಸರಿಯಾದರೋ ಸ್ತ್ರೀಯರಲ್ಲಿ ೨೪, ಪುರುಷರಲ್ಲಿ ೨೨.೯. ನಮ್ಮ ವಯನಾಡು ಜಿಲ್ಲೆಯಲ್ಲಿ ಒಂದು ಹಾಡಿಯಲ್ಲಿ ರಕ್ತಹೀನತೆಯಿಂದ ಬಳಲುವ ತಾಯಿಯೂ, ಅದರ ಪಕ್ಕದ ಪೇಟೆಯಲ್ಲಿ ಮೆಟ್ಟಿಲು ಹತ್ತಲಾರದಷ್ಟು ಮೈ ಬೆಳೆದ ತಾಯಿಯೂ ಇರುವುದುಂಟು. ಇಬ್ಬರ ಕಷ್ಟವೂ ಕಷ್ಟವೇ.

ಸಂಖ್ಯೆಯ ಅರ್ಥ

ಸ್ಥೂಲಕಾಯತೆಯನ್ನು ಕಣ್ಣಳತೆಯಿಂದ ನಿರ್ಣಯಿಸುವುದಿಲ್ಲ. ಕಿಲೋಗ್ರಾಂಗಳಲ್ಲಿ ಹೇಳಿದ ತೂಕವನ್ನು ಮೀಟರುಗಳಲ್ಲಿ ಹೇಳಿದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕ ಸೂಚ್ಯಂಕ, ಅಂದರೆ ಬಿ.ಎಂ.ಐ. ಎಂದು ಹೆಸರು. ಏಳನೆಯ ತರಗತಿಯ ಬಾಲಕನೂ ಮಾಡಬಲ್ಲ ಲೆಕ್ಕವಿದು. ೧೬೦ ಸೆಂಟಿಮೀಟರ್ ಎತ್ತರದವರ ಮಟ್ಟಿಗೆ ಎತ್ತರದ ವರ್ಗ ೨.೫೬ ಆಗುತ್ತದೆ. ಅವರ ತೂಕ ೬೪ ಕಿಲೋ ಆದರೆ ಸೂಚ್ಯಂಕ ೨೫; ೧೦೨ ಕಿಲೋಗ್ರಾಂಗೆ ಸ್ವಲ್ಪ ಮೇಲಾದರೆ ೪೦.

ಪಾಶ್ಚಾತ್ಯರಲ್ಲಿ ೩೦ರಿಂದ ಮೇಲಿನದನ್ನು ಸ್ಥೂಲಕಾಯತೆಯೆಂದು ಎಣಿಸುವ ವಾಡಿಕೆ. ಆದರೆ ಭಾರತೀಯರ ದೇಹದಲ್ಲಿ ಅಷ್ಟೇ ತೂಕಕ್ಕೆ ಕೊಬ್ಬಿನ ಅಂಶ ಹೆಚ್ಚು. ಅದೂ ಹೊಟ್ಟೆಯ ಸುತ್ತಲೇ ಹೆಚ್ಚು. ಮಧುಮೇಹವೂ ಹೃದ್ರೋಗವೂ ನಮ್ಮವರನ್ನು ಕಡಿಮೆ ತೂಕದಲ್ಲಿಯೇ ಹಿಡಿಯುತ್ತವೆ. ಆದುದರಿಂದ ೨೦೦೯ರಲ್ಲಿ ಭಾರತೀಯ ತಜ್ಞರು ಒಟ್ಟಾಗಿ, ನಮ್ಮವರಿಗೆ ೨೩ರಿಂದಲೇ ಅಧಿಕ ತೂಕವೆಂದೂ ೨೫ರಿಂದ ಸ್ಥೂಲಕಾಯತೆಯೆಂದೂ ಗೊತ್ತುಮಾಡಿದರು. ಶಸ್ತ್ರಚಿಕಿತ್ಸೆಯನ್ನು ಆಲೋಚಿಸತಕ್ಕ ಗಡಿಯನ್ನೂ ಆಗಲೇ ಹೇಳಿದರು: ಮಧುಮೇಹವೇ ಮೊದಲಾದ ಜೊತೆರೋಗಗಳಿದ್ದರೆ ೩೨.೫, ಇಲ್ಲದಿದ್ದರೆ ೩೭.೫. ಈ ಎರಡು ಸಂಖ್ಯೆಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವುಗಳಿಂದಲೇ ತೊಡಕು ಹುಟ್ಟಲಿದೆ.

ಶಸ್ತ್ರಕ್ರಿಯೆ ಎಂದರೇನು?

ಇಂದು ಹೆಚ್ಚಾಗಿ ನಡೆಯುವ ಕ್ರಮಗಳು ಎರಡು. ಮೊದಲನೆಯದು ಸ್ಲೀವ್ ಎಂಬುದು. ಇದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿದ ಭಾಗವನ್ನು ಕತ್ತರಿಸಿ ತೆಗೆದು, ಅಂಗಿಯ ತೋಳಿನಂತಹ ಕಿರಿದಾದ ನಾಳವನ್ನಷ್ಟೇ ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಮಟ್ಟಿಗೆ ಕತ್ತರಿಸಿ ತೆಗೆದ ಆ ಭಾಗದಲ್ಲಿಯೇ ಹುಟ್ಟುತ್ತಿದ್ದುದರಿಂದ ಹಸಿವೂ ಕುಗ್ಗುತ್ತದೆ. ಎರಡನೆಯದು ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು ೩೦ ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವೊಂದನ್ನು ಮಾಡಿ, ಅದನ್ನು ಸಣ್ಣಕರುಳಿನ ಕೆಳಭಾಗಕ್ಕೆ ಜೋಡಿಸುವುದು ಇದರ ಕ್ರಮ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಡಾ. ಎಡ್ವರ್ಡ್ ಮೇಸನ್ ಎಂಬವರು ೧೯೬೬ರಲ್ಲಿ ಈ ಮಾರ್ಗಕ್ಕೆ ಅಡಿಪಾಯ ಹಾಕಿದರು. ಈಗ ಇವೆರಡನ್ನೂ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಉಪಕರಣಗಳನ್ನು ತೂರಿಸಿ ಮಾಡುತ್ತಾರೆ.

ಪ್ರಯೋಜನವೇನೆಂದರೆ, ಒಂದೆರಡು ವರ್ಷಗಳಲ್ಲಿ ದೇಹದ ಒಟ್ಟು ತೂಕದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿಯುವುದು ಸಾಮಾನ್ಯ. ಮಧುಮೇಹಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಐದು ವರ್ಷಗಳ ಫಲ ೨೦೧೭ರಲ್ಲಿ ಪ್ರಕಟವಾಯಿತು. ಬೈಪಾಸ್ ಆದವರಲ್ಲಿ ಶೇಕಡಾ ೨೯, ಸ್ಲೀವ್ ಆದವರಲ್ಲಿ ಶೇಕಡಾ ೨೩ ಮಂದಿಯ ರಕ್ತದ ಸಕ್ಕರೆ ಗೊತ್ತುಪಡಿಸಿದ ಮಟ್ಟಕ್ಕೆ ಬಂದಿತ್ತು. ಔಷಧವನ್ನಷ್ಟೇ ಪಡೆದವರಲ್ಲಿ ಶೇಕಡಾ ೫ ಮಾತ್ರ. ಸ್ವೀಡನ್ನಿನಲ್ಲಿ ೧೯೮೭ರಿಂದ ನಡೆದುಬಂದ ಮತ್ತೊಂದು ಅಧ್ಯಯನವು, ಶಸ್ತ್ರಚಿಕಿತ್ಸೆ ಪಡೆದ ಸ್ಥೂಲಕಾಯರು ಪಡೆಯದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬಾಳಿದರೆಂದು ೨೦೨೦ರಲ್ಲಿ ತಿಳಿಸಿತು. ಆದುದರಿಂದ ಇದನ್ನು ಶ್ರೀಮಂತರ ಶೋಕಿಯೆಂದು ತಳ್ಳಿಹಾಕುವುದು ಅಜ್ಞಾನ.

ಹಾಗೆಂದು ಇದು ಅಪಾಯವಿಲ್ಲದ ಕೆಲಸವೂ ಅಲ್ಲ. ನುರಿತ ಕೇಂದ್ರಗಳಲ್ಲಿ ಮರಣದ ಸಂಭವ ಸಾವಿರಕ್ಕೆ ಒಂದೆರಡರಷ್ಟು ಮಾತ್ರ. ಆದರೆ ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಜಠರದ ಹೊಲಿಗೆ ಬಿಟ್ಟು ಒಳಗಿನ ದ್ರವ ಸೋರುವಿಕೆ ಇವು ಆಗುವುದುಂಟು. ಸ್ಲೀವ್‌ನಲ್ಲಿ ತೆಗೆದ ಜಠರವನ್ನು ಮರಳಿ ಜೋಡಿಸುವಂತಿಲ್ಲ. ಕೆಲವರಲ್ಲಿ ಕೆಲವು ವರ್ಷಗಳ ಮೇಲೆ ತೂಕ ತಿರುಗಿ ಏರುವುದೂ ಉಂಟು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಸೊಂಟದ ಅಥವಾ ಹೊಟ್ಟೆಯ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು ಅಂದ ತಿದ್ದುವ ಬೇರೊಂದು ಕ್ರಿಯೆ. ಅದರಿಂದ ಮಧುಮೇಹ ಗುಣವಾಗುವುದಿಲ್ಲ, ಅದು ತೂಕದ ರೋಗಕ್ಕೆ ಮದ್ದಲ್ಲ. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಧಾರಾವಾಹಿಗಳ ನಟಿಯೊಬ್ಬರು, ಇನ್ನೂ ೨೧ ವರ್ಷದವರು, ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡ ಸುದ್ದಿಯನ್ನು ನಾವೆಲ್ಲರೂ ಓದಿ ಮರುಗಿದೆವು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಜಾಹೀರಾತುಗಳಿಗೆ ನಮ್ಮ ತರುಣ ತರುಣಿಯರು ಮರುಳಾಗಕೂಡದು.

ಎರಡು ಅಳತೆಗೋಲುಗಳು

ಈಗ ಹಣದ ವಿಚಾರಕ್ಕೆ ಬರೋಣ. ಬಹಳ ಕಾಲ ವಿಮಾ ಸಂಸ್ಥೆಗಳು ತೂಕದ ಶಸ್ತ್ರಚಿಕಿತ್ಸೆಗೆ ಬಿಡಿಗಾಸನ್ನೂ ಕೊಡುತ್ತಿರಲಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರವು ಏಕರೂಪದ ಷರತ್ತನ್ನು ಹೊರಡಿಸಿತು. ಅದರ ಸಾರಾಂಶವಿಷ್ಟು: ಶಸ್ತ್ರಕ್ರಿಯೆ ವೈದ್ಯರ ಸಲಹೆಯ ಮೇರೆಗೆ, ವೈದ್ಯಕೀಯ ಕ್ರಮಕ್ಕೆ ಅನುಸಾರವಾಗಿ ನಡೆದಿರಬೇಕು, ರೋಗಿಗೆ ೧೮ ವರ್ಷ ತುಂಬಿರಬೇಕು, ಸೂಚ್ಯಂಕ ೪೦ ಅಥವಾ ಅದಕ್ಕೆ ಮೇಲಿರಬೇಕು. ಇಲ್ಲವೇ ಅದು ೩೫ ಅಥವಾ ಅದಕ್ಕೆ ಮೇಲಿದ್ದು, ಇತರ ಸೌಮ್ಯ ಚಿಕಿತ್ಸೆಗಳು ಫಲಿಸದೆ, ಸ್ಥೂಲತೆಯಿಂದಾದ ಹೃದಯಸ್ನಾಯುವಿನ ರೋಗ, ಹೃದಯದ ರಕ್ತನಾಳಗಳ ರೋಗ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ವ್ಯಾಧಿ, ಹತೋಟಿಗೆ ಬಾರದ ಮಧುಮೇಹ ಈ ನಾಲ್ಕರಲ್ಲಿ ಒಂದಾದರೂ ಇರಬೇಕು. ಇಷ್ಟಿಲ್ಲದಿದ್ದರೆ ವಿಮಾ ಸಂಸ್ಥೆಯು ಹಣ ನಿರಾಕರಿಸಬಹುದು.

ವೈದ್ಯರ ಅಳತೆಗೋಲಿಗೂ ವಿಮೆಯ ಅಳತೆಗೋಲಿಗೂ ನಡುವೆ ಇರುವ ಅಂತರವನ್ನು ಗಮನಿಸಿರಿ. ೧೬೦ ಸೆಂಟಿಮೀಟರ್ ಎತ್ತರದ, ಮಧುಮೇಹವುಳ್ಳ ಗೃಹಿಣಿಯೊಬ್ಬರ ತೂಕ ೮೬ ಕಿಲೋ ಎಂದಿಟ್ಟುಕೊಳ್ಳೋಣ. ಸೂಚ್ಯಂಕ ೩೩.೬. ಭಾರತೀಯ ತಜ್ಞರ ಮಾತಿನಂತೆ ಇವರು ಶಸ್ತ್ರಚಿಕಿತ್ಸೆಗೆ ಅರ್ಹರು. ವಿಮೆಯ ಲೆಕ್ಕದಲ್ಲಿ ಅರ್ಹರಲ್ಲ. ಅವರ ಎತ್ತರಕ್ಕೆ ೩೫ ಎಂಬ ಸಂಖ್ಯೆ ೮೯.೬ ಕಿಲೋಗೆ ಬರುತ್ತದೆ. ಇನ್ನೊಬ್ಬರು ೯೮ ಕಿಲೋ ತೂಗುವವರು, ಮಂಡಿನೋವಿನಿಂದ ನಡೆಯಲಾರರು, ಆದರೆ ಮೇಲೆ ಹೇಳಿದ ನಾಲ್ಕು ರೋಗಗಳಲ್ಲಿ ಯಾವುದೂ ಇಲ್ಲ. ಮಂಡಿನೋವು ವಿಮೆಯ ಪಟ್ಟಿಯಲ್ಲಿಲ್ಲದ ಕಾರಣ ಅವರಿಗೂ ಹಣವಿಲ್ಲ. ೨೦೨೨ರಲ್ಲಿ ಅಂತಾರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ತಮ್ಮ ಗಡಿಯನ್ನು ಮತ್ತಷ್ಟು ಕೆಳಗಿಳಿಸಿ, ಏಷ್ಯದವರಿಗೆ ೨೭.೫ರಿಂದಲೇ ಈ ಚಿಕಿತ್ಸೆಯನ್ನು ಆಲೋಚಿಸಬಹುದೆಂದವು. ವೈದ್ಯರ ಗಡಿ ಇಳಿಯಿತು. ವಿಮೆಯ ಗಡಿ ಇದ್ದಲ್ಲಿಯೇ ಉಳಿಯಿತು. ಈ ಎರಡು ಗಡಿಗಳ ನಡುವಿನ ಕಂದಕದಲ್ಲಿ ನಿಂತವರೇ ಕೈಯಿಂದ ಹಣ ತೆರಬೇಕಾದವರು. ವೈದ್ಯರು ಬೇಕೆಂದರು, ವಿಮೆಯವರು ಬೇಡವೆಂದರು, ಹಾಗಾದರೆ ಯಾರೋ ಮೋಸ ಮಾಡುತ್ತಿದ್ದಾರೆಂದು ಪೋಷಕರು ಸಂಶಯಪಡುವುದುಂಟು. ಮೋಸವಿರಲೇಬೇಕೆಂದಿಲ್ಲ, ಇಬ್ಬರ ಕೈಯಲ್ಲಿರುವ ಅಳತೆಗೋಲುಗಳೇ ಬೇರೆ.

ಸಂಖ್ಯೆ ಮುಟ್ಟಲೆಂದು ಬೇಕೆಂದೇ ತಿಂದು ತೂಕ ಏರಿಸಿಕೊಳ್ಳುವವರೂ, ಸುಳ್ಳು ತೂಕ ಬರೆದುಕೊಡಿರೆಂದು ವೈದ್ಯರನ್ನು ಬೇಡುವವರೂ ಇರುತ್ತಾರೆ. ಮೊದಲನೆಯದು ದೇಹಕ್ಕೆ ದ್ರೋಹ. ಎರಡನೆಯದರಿಂದ ವಿಮಾಪತ್ರವೇ ರದ್ದಾಗಬಹುದು.

ವಿಮೆಗೆ ಕಾಯುವ ಅವಧಿಯೂ ಉಂಟು. ಮೊದಲೇ ಇದ್ದ ರೋಗಕ್ಕೆ ಗರಿಷ್ಠ ೪೮ ತಿಂಗಳಿದ್ದ ಕಾಯುವಿಕೆಯನ್ನು ೨೦೨೪ರಲ್ಲಿ ೩೬ ತಿಂಗಳಿಗೆ ಇಳಿಸಿದ್ದಾರೆ. ಇಂದು ವಿಮೆ ಮಾಡಿಸಿ ನಾಳೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವಂತಿಲ್ಲವೆಂದು ಇದರ ಅರ್ಥ. ಷರತ್ತುಗಳೆಲ್ಲ ಕೂಡಿಬಂದರೂ ಹಣ ನಿರಾಕರಿಸಿದರೆ ಸುಮ್ಮನಾಗಬಾರದು. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಪಡೆದು, ಮೊದಲು ವಿಮಾ ಸಂಸ್ಥೆಗೇ ದೂರು ಕೊಡಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ಒಂದು ವರ್ಷದೊಳಗೆ ಕೊಚ್ಚಿಯಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆದುಕೊಳ್ಳಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ಸರಕಾರಿ ಯೋಜನೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಆದರೆ ಯೋಜನೆಯ ಪಟ್ಟಿಯಲ್ಲಿ ಹೆಸರಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರವೇ ಅದು ಸಲ್ಲತಕ್ಕದ್ದು. ಕಾರ್ಡು ಇದೆಯೆಂದು ಧೈರ್ಯದಿಂದ ಹೋಗಿ ದಾಖಲಾಗುವ ಮೊದಲು ಆಸ್ಪತ್ರೆಯ ಯೋಜನಾ ಮೇಜಿನಲ್ಲಿ, ತನ್ನ ಶಸ್ತ್ರಕ್ರಿಯೆಯ ಹೆಸರು ಹೇಳಿ ವಿಚಾರಿಸಬೇಕು. ೨೦೨೨ರ ಜುಲೈಯಲ್ಲಿ ಆರಂಭವಾದ ಮೆಡಿಸೆಪ್‌ಗೆ ಸೇರಿದ ನಮ್ಮ ಅಧ್ಯಾಪಕ ಬಂಧುಗಳಿಗೂ ಇದೇ ಮಾತು.

ಖರ್ಚಿನ ಪಟ್ಟಿ

ಕೈಯಿಂದಲೇ ತೆರಬೇಕೆಂದು ನಿಶ್ಚಯವಾದರೆ ಆಗ ಲೆಕ್ಕವನ್ನು ಪೂರ್ತಿಯಾಗಿ ಬರೆಯಬೇಕು. ನಮ್ಮ ಕಡೆಯ ಖಾಸಗಿ ಆಸ್ಪತ್ರೆಗಳಲ್ಲಿ ಊರಿಗೂ ಕ್ರಮಕ್ಕೂ ತಕ್ಕಂತೆ ಸಾಮಾನ್ಯವಾಗಿ ಎರಡೂವರೆ ಲಕ್ಷದಿಂದ ಐದು ಲಕ್ಷ ರೂಪಾಯಿಗಳವರೆಗೆ ಹೇಳುತ್ತಾರೆ. ಬಹುಜನರು ಈ ಒಂದು ಸಂಖ್ಯೆಯನ್ನು ಕೇಳಿಯೇ ಹೊರಡುತ್ತಾರೆ. ಹಸುವನ್ನು ಕೊಳ್ಳುವವನು ಅದರ ಬೆಲೆಯೊಡನೆ ಮೇವಿನ ಲೆಕ್ಕವನ್ನೂ ಹಾಕುತ್ತಾನಲ್ಲವೇ? ಇಲ್ಲಿಯೂ ಹಾಗೆಯೇ.

ಮೊದಲನೆಯದು, ಶಸ್ತ್ರಕ್ರಿಯೆಗೆ ಮುಂಚಿನ ಖರ್ಚು: ರಕ್ತಪರೀಕ್ಷೆ, ಹೃದಯಪರೀಕ್ಷೆ, ಎಂಡೋಸ್ಕೋಪಿ, ಆಹಾರತಜ್ಞರ ಮತ್ತು ಮನೋವೈದ್ಯರ ಭೇಟಿ. ಎರಡನೆಯದು, ತೊಡಕಾದಾಗಿನ ಖರ್ಚು. ಹೊಲಿಗೆ ಸೋರಿದರೆ ಎರಡನೆಯ ಶಸ್ತ್ರಕ್ರಿಯೆಯೂ ತೀವ್ರ ನಿಗಾ ಘಟಕದ ವಾಸವೂ ಬೇಕಾದೀತು. ಆಸ್ಪತ್ರೆಯವರು ಹೇಳಿದ ಒಟ್ಟು ಮೊತ್ತದಲ್ಲಿ ಇದು ಸೇರಿದೆಯೇ ಇಲ್ಲವೇ ಎಂಬುದನ್ನು ಬರಹದಲ್ಲಿಯೇ ಕೇಳಬೇಕು.

ಮೂರನೆಯದು ದಾರಿಯ ಖರ್ಚು. ವಯನಾಡಿನವರಿಗೆ ಇದು ಸಣ್ಣದಲ್ಲ. ಇಂತಹ ಚಿಕಿತ್ಸೆಗೆ ನಮ್ಮವರು ಸಾಮಾನ್ಯವಾಗಿ ಒಂದೋ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು ಕಲ್ಲಿಕೋಟೆಗೆ ಹೋಗುತ್ತಾರೆ, ಇಲ್ಲವೇ ಮುತ್ತಂಗ, ಬಂಡೀಪುರ, ಗುಂಡ್ಲುಪೇಟೆಗಳ ದಾರಿಯಾಗಿ ಮೈಸೂರಿಗೆ. ಕಲ್ಪೆಟ್ಟದಿಂದ ಕಲ್ಲಿಕೋಟೆಗೆ ಸುಮಾರು ೭೦ ಕಿಲೋಮೀಟರ್, ಸುಲ್ತಾನ್ ಬತ್ತೇರಿಯಿಂದ ಮೈಸೂರಿಗೆ ಸುಮಾರು ೧೧೫. ಮಳೆಗಾಲದಲ್ಲಿ ಘಾಟಿ ಕಟ್ಟಿಹೋಗುವುದುಂಟು. ಬಂಡೀಪುರದ ಕಾಡುದಾರಿಯಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಆಂಬುಲೆನ್ಸಿಗೆ ವಿನಾಯಿತಿ ಉಂಟಾದರೂ ಆ ಹೊತ್ತಿಗೆ ಆಂಬುಲೆನ್ಸು ಸಿಕ್ಕಬೇಕಷ್ಟೆ. ಶಸ್ತ್ರಕ್ರಿಯೆಯ ನಂತರದ ಮೊದಲ ದಿನಗಳಲ್ಲಿ ಜ್ವರ, ಎದೆಬಡಿತದ ಏರಿಕೆ, ಹೊಟ್ಟೆನೋವು ಇವು ಕಾಣಿಸಿದರೆ ಗಂಟೆಗಳನ್ನು ಎಣಿಸಿ ಓಡಬೇಕಾಗುತ್ತದೆ. ಆದುದರಿಂದ ಎರಡು ವಾರವಾದರೂ ಆಸ್ಪತ್ರೆಯ ಸಮೀಪದಲ್ಲಿಯೇ ಕೋಣೆ ಹಿಡಿದಿರುವುದು ಮೇಲು. ಆ ಬಾಡಿಗೆ, ಜೊತೆಗಿರುವವರ ಊಟ, ಅವರು ಕಳೆದುಕೊಳ್ಳುವ ಕೂಲಿ ಇವೆಲ್ಲವೂ ಖರ್ಚೇ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು, ಜೀವನಪರ್ಯಂತದ ಖರ್ಚು. ಶಸ್ತ್ರಕ್ರಿಯೆಯ ಬಳಿಕ ದೇಹಕ್ಕೆ ಆಹಾರದಿಂದ ಬೇಕಾದಷ್ಟು ಸತ್ವ ದೊರೆಯಲಾರದು. ಬಿ-೧೨ ಜೀವಸತ್ವ, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳನ್ನು ಬಾಳಿನುದ್ದಕ್ಕೂ ಸೇವಿಸಬೇಕು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಬೇಕು. ತೂಕ ಇಳಿಯಿತೆಂದು ಗುಳಿಗೆ ನಿಲ್ಲಿಸಿದವರು ರಕ್ತಹೀನತೆಗೂ, ಮೂಳೆಯ ಸವೆತಕ್ಕೂ, ನರದೌರ್ಬಲ್ಯಕ್ಕೂ ಗುರಿಯಾಗುತ್ತಾರೆ. ಗಂಜಿ ಅನ್ನಗಳೇ ಪ್ರಧಾನವಾದ ಊಟವನ್ನು ಬಿಟ್ಟು ಮೊಟ್ಟೆ, ಮೀನು, ಬೇಳೆ, ಮೊಸರುಗಳಂತಹ ಸಸಾರಜನಕದ ಆಹಾರವನ್ನು ಮುಂದಿಡಬೇಕು. ತರುಣ ಸ್ತ್ರೀಯರು ಒಂದರಿಂದ ಒಂದೂವರೆ ವರ್ಷದವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕೆಂದು ವೈದ್ಯರು ಹೇಳುತ್ತಾರೆ. ಶಸ್ತ್ರಕ್ರಿಯೆಗೆ ಹಣ ಹೊಂದಿಸಿ ಗುಳಿಗೆಗೆ ಹಣವಿಲ್ಲದೆ ಹೋದರೆ, ಒಂದು ರೋಗವನ್ನು ಮಾರಿ ಇನ್ನೊಂದನ್ನು ಕೊಂಡಂತೆ.

ಐದನೆಯದು ಬಡ್ಡಿ. ಚಿನ್ನವನ್ನಿಟ್ಟು ನಾಲ್ಕು ಲಕ್ಷ ತಂದರೆ, ಶೇಕಡಾ ೧೦ರಂತೆ ಎಣಿಸಿದರೂ ವರ್ಷಕ್ಕೆ ೪೦,೦೦೦ ರೂಪಾಯಿ ಬಡ್ಡಿ. ಮೂರು ವರ್ಷಕ್ಕೆ ೧,೨೦,೦೦೦. ಕಾಫಿ, ಮೆಣಸುಗಳನ್ನು ನಂಬಿದ ನಮ್ಮ ಮನೆಗಳಿಗೆ ಆದಾಯ ವರ್ಷಕ್ಕೊಮ್ಮೆ. ಬಡ್ಡಿಯಾದರೋ ದಿನದಿನವೂ ಬೆಳೆಯುವಂಥದು.

ಹಣ ಕಟ್ಟುವ ಮೊದಲು

ಹಾಗಾದರೆ ಏನು ಮಾಡತಕ್ಕದ್ದು? ಮೊದಲು ಸರಕಾರಿ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಂತಹ ಸರಕಾರಿ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆ ನಡೆಯುತ್ತಿದೆ. ಆದುದರಿಂದ ಇದು ಖಾಸಗಿಯವರ ಸೊತ್ತೇನೂ ಅಲ್ಲ. ಅನಂತರ ಔಷಧಗಳ ಮಾತು. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳು ತೂಕ ಇಳಿಸುವುದಕ್ಕೆಂದೇ ೨೦೨೫ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ. ಇವುಗಳಿಂದಲೂ ತೂಕ ಚೆನ್ನಾಗಿ ಇಳಿಯುತ್ತದೆ. ಆದರೆ ಸೆಮಾಗ್ಲುಟೈಡನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಪಾಲು ಒಂದು ವರ್ಷದೊಳಗೆ ಮರಳಿ ಬಂದುದನ್ನು ಪರೀಕ್ಷೆಗಳು ತೋರಿಸಿವೆ. ಆದುದರಿಂದ ಅದು ತಿಂಗಳು ತಿಂಗಳಿನ ಖರ್ಚು. ಶಸ್ತ್ರಕ್ರಿಯೆ ಒಮ್ಮೆಗೇ ದೊಡ್ಡದಾಗಿ ಬಂದು, ಅನಂತರ ಚಿಕ್ಕದಾಗಿ ಉಳಿಯುವ ಖರ್ಚು. ಯಾವುದು ತನಗೆ ತಕ್ಕುದೆಂಬುದನ್ನು, ಲಾಭವಿಲ್ಲದ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಕೇಳಿ ನಿಶ್ಚಯಿಸಬೇಕು.

ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ತಾವು ಇಂತಹ ಶಸ್ತ್ರಕ್ರಿಯೆಗಳನ್ನು ಎಷ್ಟು ಮಾಡಿದ್ದೀರಿ? ನನಗೆ ಸ್ಲೀವ್ ಏಕೆ, ಬೈಪಾಸ್ ಏಕಲ್ಲ? ತೊಡಕಾದರೆ ರಾತ್ರಿಯಲ್ಲಿ ಯಾರನ್ನು ಕಾಣಬೇಕು? ಐದು ವರ್ಷದ ಮೇಲೆಯೂ ನನ್ನನ್ನು ನೋಡಿಕೊಳ್ಳುವ ಏರ್ಪಾಡು ಉಂಟೆ? ಒಳ್ಳೆಯ ವೈದ್ಯರು ಇಂತಹ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. “ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ” ಎಂದು ಅವಸರಪಡಿಸುವಲ್ಲಿ ಒಂದು ರಾತ್ರಿ ತಡೆದು ಆಲೋಚಿಸುವುದು ಒಳ್ಳೆಯದು.

ಮನೆಯವರಿಗೂ ನಾವು ಎರಡು ಮಾತು ಹೇಳಬಯಸುತ್ತೇವೆ. ಅರ್ಹತೆಯಿದ್ದು, ರೋಗ ಮುಂದುವರಿಯುತ್ತಿದ್ದು, ಲೆಕ್ಕವೂ ಕೂಡಿಬರುವುದಾದರೆ, ತಾಯಿಯ ಅಥವಾ ಮಗಳ ದೇಹಕ್ಕಾಗಿ ಇಷ್ಟು ಹಣವೇ ಎಂದು ಜಿಪುಣತನ ತೋರಬೇಡಿರಿ. ಮಧುಮೇಹ ಕೆಡಿಸಿದ ಮೂತ್ರಪಿಂಡಕ್ಕೆ ಮುಂದೆ ತೆರಬೇಕಾದ ಬೆಲೆ ಇದಕ್ಕಿಂತ ಹೆಚ್ಚು. ಆದರೆ ವಾಸದ ಮನೆಯನ್ನೂ, ಉಳುವ ಭೂಮಿಯನ್ನೂ, ಮಕ್ಕಳ ಓದಿನ ಹಣವನ್ನೂ ಒತ್ತೆಯಿಡಬೇಕಾಗಿ ಬಂದರೆ, ಕೆಲವು ಕಾಲ ಆಹಾರ, ನಡಿಗೆ, ಔಷಧಗಳ ಮಾರ್ಗದಲ್ಲಿ ವೈದ್ಯರ ಕಣ್ಗಾವಲಿನಲ್ಲಿ ನಡೆದು, ವಿಮೆಯ ಕಾಯುವ ಅವಧಿಯನ್ನೂ ತುಂಬಿಸಿಕೊಂಡು ಹಣ ಕೂಡಿಸುವುದರಲ್ಲಿ ಅವಮಾನವೇನೂ ಇಲ್ಲ. ಈ ಚಿಕಿತ್ಸೆ ಸಾಮಾನ್ಯವಾಗಿ ದಿನ ಗೊತ್ತುಮಾಡಿಕೊಂಡು ಮಾಡಿಸುವಂಥದೇ ಹೊರತು ಇಂದು ರಾತ್ರಿಯೇ ಆಗಬೇಕಾದುದಲ್ಲ.

ಒಂದು ಹಾಳೆಯನ್ನು ತೆಗೆದುಕೊಂಡು ಎಡಗಡೆಯಲ್ಲಿ ಮೇಲೆ ಹೇಳಿದ ಐದು ಖರ್ಚುಗಳನ್ನೂ, ಬಲಗಡೆಯಲ್ಲಿ ಮನೆಯ ಆದಾಯವನ್ನೂ ಬರೆಯಿರಿ. ಲೆಕ್ಕ ಬಲ್ಲ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಶಾಲೆಯಲ್ಲಿ ಕಲಿತ ಗಣಿತಕ್ಕೆ ಇದಕ್ಕಿಂತ ಉತ್ತಮವಾದ ಉಪಯೋಗವಿಲ್ಲ. ಆ ಹಾಳೆಯನ್ನು ಮನೆಯವರೆಲ್ಲರೂ ಓದಿದ ಮೇಲೆಯೇ ಮುಂಗಡದ ಹಣವನ್ನು ಕಟ್ಟಿರಿ.